ಸ್ಪಷ್ಟನೆ: ಸಿನಿಮಾದ ಕೋಟು ಹೈಫಾದ ಕೋಟಲ್ಲ

ಯುದ್ಧದ ಸಿನಿಮಾದಲ್ಲಿ ಬಳಸಿದ ಖಾಕಿ ಕೋಟೊಂದು 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಪಡೆ) ಸವಾರನದೇ ಎಂಬ ಸಂದೇಶ ಮೈಸೂರಿನ ಹಳೆವಸ್ತು ಸಂಗ್ರಾಹಕರ ನಡುವೆ ಹರಿದಾಡುತ್ತಿದೆ. ದಯವಿಟ್ಟು ಇದನ್ನು ನಂಬಿ ಹಣ ಕೊಡಬೇಡಿ.

ಸಿನಿಮಾದಲ್ಲಿ ಕಾಣಿಸಿಕೊಂಡಿತು ಎಂಬುದು ಯುದ್ಧಭೂಮಿಯಲ್ಲಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಇಂಥ ಚಿತ್ರಗಳಿಗೆ ಸಮವಸ್ತ್ರಗಳನ್ನು ಸಾಮಾನ್ಯವಾಗಿ ಹೊಸದಾಗಿ ಹೊಲಿಸಿ, ಬಣ್ಣ ಹಾಕಿ, ಉಜ್ಜಿ ಹಳತಾಗಿಸುತ್ತಾರೆ. ಹೊರಗೆ ಸವೆದ ಕೋಟಿನ ಜೇಬಿನೊಳಗೂ ಹೊಲಿಗೆಯ ಮಡಿಕೆಯಲ್ಲೂ ಬಟ್ಟೆ ಹೊಸದಾಗಿದ್ದರೆ ಅನುಮಾನಿಸಿ. ದಾರವನ್ನೂ ನೋಡಿ: ಇಂದಿನ ಪಾಲಿಯೆಸ್ಟರ್ ನೂಲು ಬಂದದ್ದು 1940ರ ದಶಕದಲ್ಲಿ, ಮೂಲ ಹೊಲಿಗೆಯಲ್ಲಿ ಅದಿದ್ದರೆ ಕೋಟು ಹೈಫಾ ಕಂಡಿರಲು ಸಾಧ್ಯವೇ ಇಲ್ಲ. ಒಳಗೆ ನಟನ ಹೆಸರಿನ ಚೀಟಿ, ಪರದೆಯ ದೃಶ್ಯಕ್ಕೆ ಹೊಂದುವ ಕಲೆ, ನಿರ್ಮಾಣ ಸಂಸ್ಥೆಯ ಪತ್ರ ಇದ್ದರೆ ಅದು ಅಸಲಿ ಸಿನಿಮಾ ಉಡುಪು. ಅದಕ್ಕೂ ಬೆಲೆಯಿದೆ, ಆದರೆ ಆ ಹೆಸರಿನಲ್ಲೇ ಮಾರಬೇಕು. ನಮ್ಮೂರಿನ ಸವಾರರ ಹೆಸರನ್ನು ಹೀಗೆ ಸರಕು ಮಾಡುವುದು ನನಗೆ ಸಹಿಸಲಾಗದ ಮಾತು.

ಇಂಥ ಸಮವಸ್ತ್ರವನ್ನು ಮನೆಯಲ್ಲಿಟ್ಟರೇ ಅಪರಾಧ ಎಂಬ ಆ ಸಂದೇಶದ ಇನ್ನೊಂದು ಸಾಲೂ ತಪ್ಪು. ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮು ಶಿಕ್ಷಿಸುವುದು ಸೈನಿಕನಲ್ಲದವನು ತಾನು ಸೈನಿಕನೆಂದು ಇತರರು ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪು ತೊಡುವುದನ್ನು: ಮೂರು ತಿಂಗಳವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ.