ಹದಿನೈದು ಶಿಲಿಂಗ್, ಒಂದು ಉಂಗುರ

ರೊನಾಲ್ಡ್ ಮ್ಯಾಡಿಸನ್‌ಗೆ ಆಗ 20 ವರ್ಷ. ಬ್ರಿಟನ್ನಿನ ವಾಯುಪಡೆಯಲ್ಲಿದ್ದ ಹುಡುಗ. ಪ್ರಯೋಗಕ್ಕೆ ಮೈಯೊಡ್ಡಿದರೆ 15 ಶಿಲಿಂಗ್ ದುಡ್ಡು, ಮೂರು ದಿನ ರಜೆ. ಆ ದುಡ್ಡಲ್ಲಿ ಮದುವೆಯಾಗಲಿದ್ದ ಹುಡುಗಿಗೆ ಉಂಗುರ ತರಬೇಕು ಅಂದುಕೊಂಡಿದ್ದನಂತೆ. 1953ರ ಮೇ 6ರಂದು ಅವನ ತೋಳಿಗೆ ಬಟ್ಟೆ ಸುತ್ತಿ, ಅದರ ಮೇಲೆ 200 ಮಿಲಿಗ್ರಾಂ ಸಾರಿನ್ ವಿಷ ಹಾಕಿದರು. ಸುಮಾರು ಮುಕ್ಕಾಲು ಗಂಟೆಯಲ್ಲಿ ಪ್ರಾಣ ಹೋಯಿತು.

ಇದು ನಡೆದದ್ದು ಇಂಗ್ಲೆಂಡಿನ ಸಾಲಿಸ್‌ಬರಿ ಹತ್ತಿರದ ಪೋರ್ಟನ್ ಡೌನ್‌ನಲ್ಲಿ, ಅಂದರೆ ವಿಷಾನಿಲ, ರೋಗಾಣುಗಳಂಥ ಅಸ್ತ್ರಗಳನ್ನು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯದಲ್ಲಿ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಕ್ಲೋರಿನ್ ಅನಿಲ ಬಿಟ್ಟ ಮರುವರ್ಷ, 1916ರಲ್ಲಿ, ಶುರುವಾದ ಜಾಗ. ಇವತ್ತೂ ಕೆಲಸ ಮಾಡುತ್ತಿದೆ. 2018ರಲ್ಲಿ ಸಾಲಿಸ್‌ಬರಿಯಲ್ಲಿ ರಷ್ಯಾದ ಮಾಜಿ ಗೂಢಚಾರ ಸ್ಕ್ರಿಪಾಲ್ ಮತ್ತು ಅವನ ಮಗಳಿಗೆ ಹಾಕಿದ ವಿಷ ನೊವಿಚೋಕ್ ಅಂತ ಗುರುತಿಸಿದ್ದೂ ಇಲ್ಲಿನ ವಿಜ್ಞಾನಿಗಳೇ. ಅಂಥ ಜಾಗ ಬೇಡ ಅಂತ ನಾನು ಹೇಳುವುದಿಲ್ಲ.

ನನ್ನ ಸಿಟ್ಟು ಸುಳ್ಳಿನ ಮೇಲೆ. ನೆಗಡಿಗೆ ಔಷಧಿ ಹುಡುಕುತ್ತಿದ್ದೇವೆ ಅಂತ ನಂಬಿಸಿ ಕರೆದುಕೊಂಡು ಹೋದರು ಎಂದು ಎಷ್ಟೋ ಸೈನಿಕರು ಆಮೇಲೆ ಹೇಳಿದರು. ಮ್ಯಾಡಿಸನ್ ಸಾವಿನ ವಿಚಾರಣೆ ಗುಟ್ಟಾಗಿ ನಡೆದು, ಆಕಸ್ಮಿಕ ಅಂತ ಮುಗಿಯಿತು. ಇದು ಕಾನೂನುಬಾಹಿರ ಹತ್ಯೆ ಅಂತ ಜ್ಯೂರಿ ಹೇಳಿದ್ದು 2004ರಲ್ಲಿ. 51 ವರ್ಷ!

ಯುದ್ಧದ ಕಾಲ, ಬೇರೆ ದಾರಿ ಇರಲಿಲ್ಲ ಅಂತ ಕೆಲವರು ವಾದಿಸುತ್ತಾರೆ. 1942ರಲ್ಲಿ ಪೋರ್ಟನ್ನಿನವರು ಸ್ಕಾಟ್‌ಲ್ಯಾಂಡಿನ ಗ್ರಿನ್ಯರ್ಡ್ ದ್ವೀಪದಲ್ಲಿ ಕುರಿಗಳನ್ನು ಕಟ್ಟಿ ಆಂಥ್ರಾಕ್ಸ್, ಅಂದರೆ ನಮ್ಮ ಕಡೆಯ ನೆರಡಿ ರೋಗ, ಹಬ್ಬಿಸಿ ನೋಡಿದರಲ್ಲ, ಅದಕ್ಕಾದರೂ ಈ ಮಾತು ಸ್ವಲ್ಪ ಒಪ್ಪಬಹುದೇನೋ. ಆ ಮಣ್ಣು ತೊಳೆಯಲು 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡ್ ಬೇಕಾಯಿತು. ಜನ ಮತ್ತೆ ಕಾಲಿಡಬಹುದು ಅಂದದ್ದು 1990ರಲ್ಲಿ. ಆದರೆ ಮ್ಯಾಡಿಸನ್ ಸತ್ತಾಗ ಯುದ್ಧ ಮುಗಿದು ಎಂಟು ವರ್ಷ ಆಗಿತ್ತು, ಅಲ್ವಾ?

ಇನ್ನು ರಾವಲ್ಪಿಂಡಿ, ಆಗ ಬ್ರಿಟಿಷ್ ಭಾರತದಲ್ಲಿತ್ತು, ಈಗ ಪಾಕಿಸ್ತಾನದಲ್ಲಿದೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. 1930ರ ದಶಕದಿಂದ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಪೋರ್ಟನ್ ವಿಜ್ಞಾನಿಗಳು ಅಲ್ಲಿ ನೂರಾರು ಭಾರತೀಯ ಸಿಪಾಯಿಗಳ ಮೇಲೆ ಚರ್ಮ ಸುಡುವ ಮಸ್ಟರ್ಡ್ ಗ್ಯಾಸ್ ಪ್ರಯೋಗಿಸಿದರು. ಚಡ್ಡಿ, ಹತ್ತಿ ಅಂಗಿಯಲ್ಲೇ ಅನಿಲದ ಕೋಣೆಗೆ ಕಳಿಸಿದರು. ಬಿಳಿಯರ ಚರ್ಮಕ್ಕಿಂತ ನಮ್ಮವರ ಚರ್ಮ ಜಾಸ್ತಿ ಸುಡುತ್ತದಾ ಅಂತ ನೋಡಬೇಕಿತ್ತು. ಮೈ ಸುಟ್ಟು ಆಸ್ಪತ್ರೆ ಸೇರಿದವರಿದ್ದರು. ಸಿಪಾಯಿ ಬೇಡ ಅನ್ನುವುದು ಹೇಗೆ? ಆಜ್ಞೆ ಆಜ್ಞೆಯೇ.

2008ರಲ್ಲಿ ಬ್ರಿಟನ್ ಪೋರ್ಟನ್ನಿನ 360 ಮಾಜಿ ಸೈನಿಕರಿಗೆ 30 ಲಕ್ಷ ಪೌಂಡ್ ಪರಿಹಾರ ಕೊಟ್ಟಿತು. ಮ್ಯಾಡಿಸನ್ ಹೆಸರು ನಮಗೆ ಇಲ್ಲಿ ಕೂತೂ ಗೊತ್ತು. ರಾವಲ್ಪಿಂಡಿಯ ಒಬ್ಬ ಸಿಪಾಯಿಯ ಹೆಸರಾದರೂ ನಮ್ಮಲ್ಲಿ ಯಾರ ಬಾಯಲ್ಲಿದೆ? ಅವರ ಮೊಮ್ಮಕ್ಕಳು ಗಡಿಯ ಆಚೆಗೂ ಇರಬಹುದು, ಈಚೆಗೂ ಇರಬಹುದು. ಆ ಹೆಸರುಗಳನ್ನು ಎರಡೂ ದೇಶ ಸೇರಿ ಲಂಡನ್ನಿನಿಂದ ಕೇಳಿ ಪಡೆಯಬೇಕು.