ಹೆಸರು ಸಿಕ್ಕಿದೆ, ಸ್ಪೆಲಿಂಗ್ ಬರಬೇಕು

ಪರಿಚಯದವರ ಮನೆಯಲ್ಲಿ ಗಂಡು ಮಗು ಹುಟ್ಟಿದೆ. ನಾಮಕರಣದ ಆಮಂತ್ರಣ ವಾಟ್ಸಾಪಿಗೆ ಬಂತು. ಆನೆಮರಿ, ಬಲೂನು, ಚಂದಮಾಮ, ಊಟದ ಟೈಮು ಎಲ್ಲ ಇತ್ತು. ಮಗುವಿನ ಹೆಸರು ಇರಬೇಕಾದ ಜಾಗ ಮಾತ್ರ ಖಾಲಿ. ಇನ್ನೂ ಆರಿಸಿಲ್ವಾ ಎಂದು ಫೋನ್ ಮಾಡಿದೆ. ‘ಅಯ್ಯೋ, ಹೆಸರು ಯಾವಾಗ್ಲೋ ಆಯ್ತು ಸಾರ್, ವಿಹಾನ್. ಸ್ಪೆಲಿಂಗ್ ಬರಬೇಕು. ಸಂಖ್ಯಾಶಾಸ್ತ್ರದ ಗುರೂಜಿ ಗುರುವಾರ ಕೊಡ್ತಾರೆ’ ಎಂದರು.

ಗುರುವಾರ ಸ್ಪೆಲಿಂಗ್ ಬಂತು. ವಿ ಆದ ಮೇಲೆ ಎರಡು ಐ, ಎಚ್ ಆದ ಮೇಲೆ ಎರಡು ಎ, ಕೊನೆಗೆ ಎರಡು ಎನ್. ಇದ್ದಂತೆಯೇ ಓದಿದರೆ ದೂರದಲ್ಲಿ ಆಂಬುಲೆನ್ಸ್ ಬಂದ ಹಾಗೆ ಕೇಳುತ್ತದೆ. ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಲ್ಲಿ ಹೆಸರು ಬರೆಸಿದರು. ಅಪ್ಪ ಕನ್ನಡದಲ್ಲೇ ಬರೆದ. ವಿ, ಹಾ, ನ್. ಮುಗಿಯಿತು. ದುಡ್ಡು ಕೊಟ್ಟು ತಂದ ಎಕ್ಸ್‌ಟ್ರಾ ಐಗೂ ಎಕ್ಸ್‌ಟ್ರಾ ಎನ್‌ಗೂ ಆ ತಟ್ಟೆಯಲ್ಲಿ ಜಾಗವೇ ಇರಲಿಲ್ಲ. ಕಿವಿಯಲ್ಲಿ ಹೆಸರು ಹೇಳುವಾಗಲಾದರೂ ಎರಡನೇ ಎನ್ ಕೇಳಿಸೀತು ಎಂದು ಕಾದೆ. ಕೇಳಿಸಲಿಲ್ಲ. ಮಗು ಅತ್ತಿತು.

ಗುರೂಜಿಯ ಲೆಕ್ಕ ಏನು ಕಷ್ಟದ್ದಲ್ಲ. ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಅಂಕಿ. ಎಲ್ಲ ಕೂಡಿಸಿ, ಬಂದ ಮೊತ್ತವನ್ನು ಮತ್ತೆ ಕೂಡಿಸಿ, ಒಂದೇ ಅಂಕಿಗೆ ಇಳಿಸಬೇಕು. ಆ ಅಂಕಿಗೆ ಒಂದು ಗ್ರಹ. ತೊಂದರೆ ಏನೆಂದರೆ ಅಂಕಿ ಹಂಚುವ ಪದ್ಧತಿ ಎರಡಿದೆ. ಒಂದಕ್ಕೆ ಕಾಲ್ಡಿಯನ್ ಎನ್ನುತ್ತಾರೆ, ಇನ್ನೊಂದಕ್ಕೆ ಪೈಥಾಗೋರಸ್ ಹೆಸರು. ರವಿ ಎಂಬ ಪಾಪದ ಹೆಸರನ್ನು ತೆಗೆದುಕೊಳ್ಳಿ. ಕಾಲ್ಡಿಯನ್ ಲೆಕ್ಕದಲ್ಲಿ 2, 1, 6, 1. ಮೊತ್ತ 10, ಅಂದರೆ 1, ಅಂದರೆ ಸೂರ್ಯ. ಪೈಥಾಗೋರಸ್ ಲೆಕ್ಕದಲ್ಲಿ 9, 1, 4, 9. ಮೊತ್ತ 23, ಅಂದರೆ 5, ಅಂದರೆ ಬುಧ. ರವಿ ಒಂದು ಅಂಗಡಿಯಲ್ಲಿ ರವಿಯೇ, ಪಕ್ಕದ ಅಂಗಡಿಗೆ ಹೋದರೆ ಬುಧ. ನಿಮಗೆ ಯಾವ ಗ್ರಹ ಬೇಕೋ ಆ ಬಾಗಿಲು ತಟ್ಟಿದರಾಯಿತು.

ಕಾಲ್ಡಿಯನ್ ಎಂದ ಕೂಡಲೇ ನಮ್ಮವರು ಕೈಮುಗಿಯುತ್ತಾರೆ. ಬ್ಯಾಬಿಲೋನಿನ ಕಾಲದ್ದಂತೆ. ಆ ಕಾಲದ ಜನ ಇಂಗ್ಲಿಷ್ ಡಬ್ಲ್ಯೂಗೆ 6 ಅಂಕ ಹೇಗೆ ಕೊಟ್ಟರೋ ಆ ದೇವರಿಗೇ ಗೊತ್ತು. ಇದನ್ನು ಜಗತ್ತಿಗೆ ಹಂಚಿದವನು ಕೀರೋ. ಹೆಸರು ಕೇಳಿ ಯಾರೋ ಋಷಿ ಅಂದುಕೊಳ್ಳಬೇಡಿ. 1866ರಲ್ಲಿ ಹುಟ್ಟಿದ ಐರ್ಲೆಂಡಿನವನು, ನಿಜವಾದ ಹೆಸರು ವಿಲಿಯಂ ಜಾನ್ ವಾರ್ನರ್. ಲಂಡನ್ನಿನ ಶ್ರೀಮಂತರ ಕೈ ನೋಡಿ ಭವಿಷ್ಯ ಹೇಳುತ್ತಿದ್ದ. 1936ರಲ್ಲಿ ತೀರಿಕೊಂಡ, ಅದೂ ಹಾಲಿವುಡ್ಡಿನಲ್ಲಿ. ನಮ್ಮ ‘ಸನಾತನ’ ಸಂಖ್ಯಾಶಾಸ್ತ್ರದ ದೊಡ್ಡ ಪಾಲು ಈ ಪುಣ್ಯಾತ್ಮನ ಕೃಪೆ.

ಕೆಲಸ ಮಾಡುತ್ತೋ ಇಲ್ವೋ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಯಡಿಯೂರಪ್ಪನವರು 2007ರಲ್ಲಿ ಇಂಗ್ಲಿಷ್ ಹೆಸರಿನಿಂದ ಒಂದು ಐ ತೆಗೆದು ಇನ್ನೊಂದು ಡಿ ಸೇರಿಸಿದರು. 2008ರಲ್ಲಿ ಮುಖ್ಯಮಂತ್ರಿಯಾದರು. ಡಿ ಕೆಲಸ ಮಾಡಿತು! 2011ರಲ್ಲಿ ಇಳಿದರು. ಡಿ ರಜೆ ಹಾಕಿರಬೇಕು. 2018ರ ಮೇ 17ಕ್ಕೆ ಪ್ರಮಾಣವಚನ, 19ಕ್ಕೆ ರಾಜೀನಾಮೆ. 2019ರ ಜುಲೈ 26ರಂದು ಹಳೇ ಸ್ಪೆಲಿಂಗಿಗೆ ವಾಪಸ್ ಹೋಗಿ ಮತ್ತೆ ಪ್ರಮಾಣವಚನ ತೆಗೆದುಕೊಂಡರು. ಸರಿಯಾಗಿ ಎರಡು ವರ್ಷಕ್ಕೆ, 2021ರ ಜುಲೈ 26ರಂದು ರಾಜೀನಾಮೆ. ಐದು ವರ್ಷ ಪೂರ್ತಿ ಕೂರಿಸಲು ಐಗೂ ಆಗಲಿಲ್ಲ, ಡಿಗೂ ಆಗಲಿಲ್ಲ. ಇಷ್ಟೆಲ್ಲ ಆಗುವಾಗ ಕನ್ನಡ ಪೇಪರ್ ಓದುವವರಿಗೆ ಏನೂ ಗೊತ್ತೇ ಆಗಲಿಲ್ಲ. ಅಲ್ಲಿ ಅವರು ಮೊದಲೂ ಯಡಿಯೂರಪ್ಪ, ಆಮೇಲೂ ಯಡಿಯೂರಪ್ಪ. ಪಕ್ಕದ ರಾಜ್ಯದ ಜಯಲಲಿತಾ ಕೂಡ 2001ರಲ್ಲಿ ಕೊನೆಗೆ ಒಂದು ಎ ಸೇರಿಸಿಕೊಂಡರು. ಮೇ ತಿಂಗಳಲ್ಲಿ ಅವರ ಪಕ್ಷ ಗೆದ್ದಿತು, ಅವರು ಮುಖ್ಯಮಂತ್ರಿಯಾದರು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ನೇಮಕವನ್ನೇ ರದ್ದು ಮಾಡಿತು. ನ್ಯಾಯಮೂರ್ತಿಗಳು ಎ ಎಣಿಸಿರಲಿಕ್ಕಿಲ್ಲ.

ಹಾಗಂತ ನಮ್ಮ ಹಳೇ ಪದ್ಧತಿಯೇನೂ ಸಲೀಸಾಗಿರಲಿಲ್ಲ. ನಕ್ಷತ್ರದ ಪಾದ ನೋಡಿ ಅಕ್ಷರ ಕೊಡುತ್ತಿದ್ದರು. ಅಶ್ವಿನಿಗೆ ಚು, ಚೆ, ಚೊ, ಲ. ಪರವಾಗಿಲ್ಲ, ಕೊನೆಗೆ ಲಕ್ಷ್ಮಣನಾದರೂ ಇದ್ದಾನೆ. ಆರಿದ್ರಾ ನಕ್ಷತ್ರಕ್ಕೆ ಬನ್ನಿ. ಕು, ಘ, ಙ, ಛ. ಮೂರನೇ ಪಾದದಲ್ಲಿ ಹುಟ್ಟಿದ ಮಗುವಿಗೆ ಙ. ಆ ಅಕ್ಷರವನ್ನು ನೀವು ಒಂದನೇ ಕ್ಲಾಸಿನಲ್ಲಿ ಅಕ್ಷರಮಾಲೆ ಕಲಿಯುವಾಗ ನೋಡಿರುತ್ತೀರಿ. ಆಮೇಲೆ ಎಲ್ಲಾದರೂ ಭೇಟಿಯಾಗಿದ್ದೀರಾ? ಙಕಾರದಿಂದ ಶುರುವಾಗುವ ಗಂಡಸು ಕರ್ನಾಟಕದಲ್ಲಿ ನನಗಂತೂ ಸಿಕ್ಕಿಲ್ಲ. ಉತ್ತರಾಭಾದ್ರದಲ್ಲಿ ಝ, ಞ ಇವೆ. ಹಸ್ತದಲ್ಲಿ ಣ, ಠ. ಇದನ್ನೆಲ್ಲ ಕೊಟ್ಟ ಪುರೋಹಿತರೇ ಮುಂದಿನ ಉಸಿರಿನಲ್ಲಿ ‘ಅದು ಜನ್ಮನಾಮ, ಕರೆಯೋಕೆ ನಿಮಗಿಷ್ಟ ಬಂದಿದ್ದು ಇಟ್ಕೊಳ್ಳಿ’ ಎಂದು ಬಿಟ್ಟುಬಿಡುತ್ತಿದ್ದರು. ಆ ಎರಡನೇ ಮಾತೇ ಇಡೀ ಶಾಸ್ತ್ರದ ಅತಿ ಬುದ್ಧಿವಂತ ಭಾಗ. ಮಕ್ಕಳು ಉಳಿಯದ ಮನೆಯಲ್ಲಂತೂ ದೃಷ್ಟಿ ತಾಗದಿರಲಿ ಎಂದು ತಿಪ್ಪಣ್ಣ, ಗುಂಡ ಎಂದು ಕರೆಯುತ್ತಿದ್ದರು. ಯಮನಿಗೂ ಬೇಡವಾಗುವ ಹೆಸರು ಇಡಬೇಕು ಎಂಬ ಲೆಕ್ಕ. ಅದರಲ್ಲಿ ಭಯ ಇತ್ತು, ಪ್ರೀತಿ ಇತ್ತು. ಕನ್ಸಲ್ಟೇಶನ್ ಫೀ ಇರಲಿಲ್ಲ.

ಸ್ವೀಡನ್ನಿನ ಒಂದು ಜೋಡಿಯ ಕಥೆ ಕೇಳಿ. ಮಗನಿಗೆ ಐದು ವರ್ಷವಾಗುವಷ್ಟರಲ್ಲಿ ಹೆಸರು ನೋಂದಾಯಿಸಲಿಲ್ಲ ಎಂದು ಅವರಿಗೆ 5,000 ಕ್ರೋನರ್ ದಂಡ ಬಿತ್ತು. ಸಿಟ್ಟು ಬಂತು. 1996ರಲ್ಲಿ ಅಕ್ಷರ, ಅಂಕಿ ಎಲ್ಲ ಸೇರಿಸಿ 43 ಚಿಹ್ನೆಗಳ ಒಂದು ಹೆಸರು ಕೊಟ್ಟು, ಇದನ್ನು ‘ಆಲ್ಬಿನ್’ ಎಂದು ಓದಿಕೊಳ್ಳಿ ಎಂದರು. ಕೋರ್ಟ್ ತಳ್ಳಿಹಾಕಿತು. ಸರಿ, ಎ ಎಂಬ ಒಂದೇ ಅಕ್ಷರ ಇಡುತ್ತೇವೆ, ಅದನ್ನೂ ಆಲ್ಬಿನ್ ಎಂದೇ ಓದಿ ಎಂದರು. ಅದೂ ಬಿದ್ದುಹೋಯಿತು. ಅವರು ಸರ್ಕಾರದ ಮೇಲಿನ ಕೋಪಕ್ಕೆ ಮಾಡಿದ ಕೆಲಸವನ್ನು ನಮ್ಮವರು ಮಗುವಿನ ಮೇಲಿನ ಮುದ್ದಿಗೆ ಮಾಡುತ್ತಾರೆ. ಅಷ್ಟೇ ವ್ಯತ್ಯಾಸ.

ನಗು ಇಲ್ಲಿಗೆ ಸಾಕು. ಯಾಕೆಂದರೆ ಮುಂದಿನದು ಆಧಾರ್. ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಶಾಲೆಯ ದಾಖಲೆಯಲ್ಲೂ ಆಧಾರ್‌ನಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಕೂಡಿದರೆ ಮಾತ್ರ ಮಗುವಿಗೆ ಅಪಾರ್ ಐಡಿ, ಅಂದರೆ ವಿದ್ಯಾರ್ಥಿಗಳಿಗೆ ಕೊಡುವ ಗುರುತಿನ ಸಂಖ್ಯೆ. ಪಾಠ ಮಾಡಬೇಕಾದ ಮೇಷ್ಟ್ರು ಈಗ ಕಂಪ್ಯೂಟರ್ ಮುಂದೆ ಕೂತು ಒಂದು ಎ ಇದೆಯೋ ಎರಡಿದೆಯೋ ಎಂದು ಎಣಿಸುತ್ತಾರೆ. ವಿಹಾನ್‌ಗೇನೂ ಆಗಲ್ಲ ಬಿಡಿ. ಅವನಿಗೆ ಅಪ್ಪ ಇದ್ದಾನೆ, ಅಪ್ಪನಿಗೆ ಕಾರಿದೆ, ಕಾರಿಗೆ ನೋಟರಿ ಆಫೀಸಿನ ದಾರಿ ಗೊತ್ತಿದೆ.

ದುಡ್ಡು ಕೊಡದೆ, ಕೇಳದೆ, ಪುಕ್ಕಟೆ ಹೊಸ ಸ್ಪೆಲಿಂಗ್ ಪಡೆದವರ ಗತಿ ಬೇರೆ. ಬಸವ್ವ ಎಂದು ಅಜ್ಜಿ ಹೇಳುತ್ತಾಳೆ. ಕೂತ ಆಪರೇಟರ್ ಬಸಮ್ಮ ಎಂದು ಒತ್ತುತ್ತಾನೆ. ರೇಷನ್ ಕಾರ್ಡಿನಲ್ಲಿ ಬಸವ್ವ, ಆಧಾರ್‌ನಲ್ಲಿ ಬಸಮ್ಮ, ಬ್ಯಾಂಕಿನಲ್ಲಿ ಗಂಡನ ಹೆಸರೂ ಅಂಟಿಕೊಂಡ ಮೂರನೆಯವಳು. ಗೃಹಲಕ್ಷ್ಮಿಯ 2,000 ರೂಪಾಯಿ ಈ ಮೂವರ ಪೈಕಿ ಯಾರಿಗೆ ಬರಬೇಕು? ಮಷಿನ್ನಿಗೆ ಗೊತ್ತಾಗುವುದಿಲ್ಲ. ಎದುರಿಗೆ ನಿಂತ ಅಜ್ಜಿ ಮಷಿನ್ನಿಗೆ ಕಾಣುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಬಂದು, ಸರ್ವರ್ ಇಲ್ಲ ಅನ್ನಿಸಿಕೊಂಡು, ನಾಳೆ ಬಾ ಅನ್ನಿಸಿಕೊಂಡು, ಕೊನೆಗೆ ನಾನು ನಾನೇ ಎಂದು ಸ್ಟಾಂಪ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಬೇಕು. ತಪ್ಪು ಒತ್ತಿದವನಿಗೆ ಒಂದು ರೂಪಾಯಿ ದಂಡ ಇಲ್ಲ. ಇದಕ್ಕೆ ವಿಡಂಬನೆ ಬರೆಯಲು ನನಗೆ ಬರುವುದಿಲ್ಲ. ಹೊಟ್ಟೆ ಉರಿಯುತ್ತದೆ, ಅಷ್ಟೇ.

ಇನ್ನು ಸ್ಪೆಲಿಂಗಿಗೆ ಕಾಯುತ್ತಿರುವ ಅಪ್ಪ-ಅಮ್ಮಂದಿರಿಗೆ ಒಂದು ಮಾಹಿತಿ. ಹುಟ್ಟಿದ್ದನ್ನು 21 ದಿನದೊಳಗೆ ತಿಳಿಸಬೇಕು ನಿಜ, ಹೆಸರನ್ನಲ್ಲ. ನೋಂದಣಿಯಾಗಿ ಒಂದು ವರ್ಷದವರೆಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ ತಡವಾದ ಶುಲ್ಕ ಕಟ್ಟಿದರೆ 15 ವರ್ಷದವರೆಗೂ ಸೇರಿಸಬಹುದು. ಸುಮ್ನೆ ಆ ಕಾಲಂ ಖಾಲಿ ಬಿಟ್ಟುಬಿಡಿ. ಮನೆಯಲ್ಲಿ ಪುಟ್ಟ ಎಂದು ಕರೆಯಿರಿ. ಅಷ್ಟರಲ್ಲಿ ಹುಡುಗ ಎಸ್ಸೆಸ್ಸೆಲ್ಸಿಗೆ ಬಂದಿರುತ್ತಾನೆ, ಇನ್‌ಸ್ಟಾಗ್ರಾಂನಲ್ಲಿ ನಿಮಗೆ ಗೊತ್ತಿಲ್ಲದ ಮೂರು ಸ್ಪೆಲಿಂಗ್ ಇಟ್ಟುಕೊಂಡಿರುತ್ತಾನೆ. ಯಾವುದಕ್ಕೆ ಲೈಕು ಜಾಸ್ತಿಯೋ ಅದನ್ನೇ ಬರೆಸಿ.