ಗಣಿತ ತಪ್ಪಿಸಿಕೊಳ್ಳೋಕೆ ಸುಸ್ಥಿರ ಅಭಿವೃದ್ಧಿ ಓದಬೇಡಿ

ಅರ್ಥಶಾಸ್ತ್ರ ಮತ್ತು ಜಾಗತಿಕ ಸುಸ್ಥಿರ ಅಭಿವೃದ್ಧಿ, ಎರಡನ್ನೂ ಒಂದೇ ಡಿಗ್ರಿಯಲ್ಲಿ ಓದುವ ಕೋರ್ಸ್ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿದೆ. "ಮ್ಯಾಥ್ಸ್ ಕಷ್ಟ, ಪರಿಸರ ಇಷ್ಟ" ಅಂತ ಇಂಥ ಕೋರ್ಸಿನ ಕಡೆ ನೋಡುವವರು ಬಹಳ. ತೊಂದರೆ ಏನೆಂದರೆ, ಇಲ್ಲಿನ ಅಸಲಿ ಜಗಳ ಕೂತಿರುವುದೇ ಲೆಕ್ಕದೊಳಗೆ.

ನೂರು ವರ್ಷದ ನಂತರ ಆಗಬಹುದಾದ 100 ರೂಪಾಯಿಯ ಹವಾಮಾನ ನಷ್ಟ ತಪ್ಪಿಸೋಕೆ ಇವತ್ತು ಎಷ್ಟು ಖರ್ಚು ಮಾಡಬಹುದು? ಅದಕ್ಕೆ ಡಿಸ್ಕೌಂಟ್ ದರ ಬೇಕು, ಅಂದರೆ ಮುಂದಿನ ಹಣದ ಬೆಲೆಯನ್ನು ಇವತ್ತಿಗೆ ಇಳಿಸುವಾಗ ವರ್ಷಕ್ಕೆ ಶೇ. ಎಷ್ಟರಂತೆ ಕಡಿಯಬೇಕು ಅನ್ನುವ ಲೆಕ್ಕ. ದರಕ್ಕೆ ಮೂರು ಅಂಕಿ ಬೇಕು. ಮುಂದೆ ಹುಟ್ಟುವವರು ಅನ್ನುವ ಒಂದೇ ಕಾರಣಕ್ಕೆ ಅವರ ಸುಖವನ್ನು ವರ್ಷಕ್ಕೆ ಎಷ್ಟು ಕಮ್ಮಿ ಅಂತ ಎಣಿಸುತ್ತೀರಿ? ತಲಾ ಬಳಕೆ ವರ್ಷಕ್ಕೆ ಎಷ್ಟು ಬೆಳೆಯುತ್ತೆ? ಉಳ್ಳವನ ಒಂದು ರೂಪಾಯಿ ಇಲ್ಲದವನ ರೂಪಾಯಿಗಿಂತ ಎಷ್ಟು ಹಗುರ? ಕೊನೆಯ ಎರಡನ್ನು ಗುಣಿಸಿ, ಮೊದಲನೆಯದನ್ನು ಕೂಡಿಸಿ. ದರ ಸಿಕ್ಕಿತು.

ಹವಾಮಾನ ಬದಲಾವಣೆಯ ಅರ್ಥಶಾಸ್ತ್ರದ ಬಗ್ಗೆ 2006ರಲ್ಲಿ ಬಂದ ವರದಿಯಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಇಟ್ಟದ್ದು ಕ್ರಮವಾಗಿ 0.1, 1.3, 1. ದರ ಶೇ. 1.4, ಆ 100 ರೂಪಾಯಿಗೆ ಇವತ್ತಿನ ಬೆಲೆ ಸುಮಾರು 25 ರೂಪಾಯಿ. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಆ ಹೊತ್ತಿನ ತಮ್ಮ ಮಾದರಿಯಲ್ಲಿ ಮೊದಲನೆಯದಕ್ಕೆ 1.5, ಕೊನೆಯದಕ್ಕೆ 2 ಇಟ್ಟರು. ಬೆಳವಣಿಗೆಯನ್ನು ಅದೇ 1.3 ಅಂತಲೇ ಹಿಡಿದರೂ ದರ ಶೇ. 4.1ಕ್ಕೆ ಏರುತ್ತೆ, 100 ರೂಪಾಯಿ 1 ರೂಪಾಯಿ 80 ಪೈಸೆಗೆ ಇಳಿಯುತ್ತೆ. ನಷ್ಟ ಅದೇ, ವರ್ಷ ಅದೇ.

ಅರ್ಥಶಾಸ್ತ್ರದ ಹುಡುಗರು ಪುಸ್ತಕದಲ್ಲಿದ್ದ ಶೇ. 4 ಎತ್ತಿ ಹಾಕಿ ಉತ್ತರ ಬರೆದುಬಿಡುತ್ತಾರೆ. ಅದರೊಳಗೆ ನೀತಿಯ ತೀರ್ಮಾನವೊಂದು ಅಡಗಿದೆ ಅನ್ನುವುದು ಗೊತ್ತೇ ಆಗುವುದಿಲ್ಲ. ಸುಸ್ಥಿರ ಅಭಿವೃದ್ಧಿಯ ಕಡೆಯವರು "ಮುಂದಿನ ಪೀಳಿಗೆಗೆ ಅನ್ಯಾಯ" ಅಂತ ನಾಲ್ಕು ಪುಟ ಬರೆಯುತ್ತಾರೆ, ಒಂದು ಅಂಕಿಯೂ ಇರಲ್ಲ. ಇಬ್ಬರೂ ಮರೆಯುವ ಇನ್ನೊಂದಿದೆ: ಹವಾಮಾನ ಕೆಟ್ಟು ಬೆಳವಣಿಗೆಯೇ ಕುಸಿದರೆ ದರವೂ ಕುಸಿಯಬೇಕು, ಸೊನ್ನೆಗಿಂತ ಕೆಳಗೂ ಹೋಗಬಹುದು. 1.3 ಅನ್ನುವುದು ಕಲ್ಲಿನ ಮೇಲೆ ಕೆತ್ತಿದ ಅಂಕಿಯಲ್ಲ.

ಪ್ರಾಜೆಕ್ಟಿಗೆ ವಿಷಯ ಆರಿಸುವಾಗ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ 17 ಗುರಿ, 169 ಉಪಗುರಿಗಳ ಪಟ್ಟಿ ಹಿಡಿದು ಕೂರಬೇಡಿ, ಮುಗಿಯಲ್ಲ. ಒಂದು ಬೋರ್‌ವೆಲ್ ಸಾಕು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಹಾಗಾಗಿ ಇನ್ನೊಂದು ಗಂಟೆ ಮೋಟರ್ ಓಡಿಸಿದರೆ ರೈತನ ಜೇಬಿಗೆ ಹೆಚ್ಚುವರಿ ಹೊರೆ ಹೆಚ್ಚುಕಮ್ಮಿ ಸೊನ್ನೆ. ನೀರಿನ ಮಟ್ಟ ಇಳಿದದ್ದರ ಪೆಟ್ಟು ಮಾತ್ರ ಪಕ್ಕದ ಹೊಲದವನಿಗೂ ಬೀಳುತ್ತೆ. ಇಷ್ಟನ್ನು ಅರ್ಥಶಾಸ್ತ್ರ ಹೇಳುತ್ತೆ, "ಮೀಟರ್ ಹಾಕಿ" ಅನ್ನುತ್ತೆ. ಮೀಟರ್ ಹಾಕಿದ ಮೇಲೆ ಯಾರು ಬೆಳೆ ಬಿಡುತ್ತಾರೆ, ಇನ್ನೂ ಆಳಕ್ಕೆ ಕೊರೆಸುವ ದುಡ್ಡು ಯಾರ ಹತ್ತಿರ ಇದೆ? ಆ ಪ್ರಶ್ನೆಗೆ ಇನ್ನೊಂದು ತರಗತಿಗೆ ಹೋಗಬೇಕು.

ಇಂಥ ಜೋಡಿ ಡಿಗ್ರಿಯ ಮೇಲೆ ಅರ್ಥಶಾಸ್ತ್ರದಲ್ಲಿ ಎಂಎಸ್ಸಿ ಮಾಡುವ ಆಸೆಯಿದ್ದರೆ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಎಕನಾಮೆಟ್ರಿಕ್ಸ್ (ಆರ್ಥಿಕ ದತ್ತಾಂಶಕ್ಕೆ ಸಂಖ್ಯಾಶಾಸ್ತ್ರ ಬಳಸುವ ವಿಷಯ) ಮೂರೂ ಅಂಕಪಟ್ಟಿಯಲ್ಲಿ ಇರಬೇಕು. ಐಚ್ಛಿಕ ವಿಷಯಗಳ ಫಾರ್ಮ್ ತುಂಬುವ ದಿನವೇ ಅದನ್ನು ನೋಡಿಕೊಳ್ಳಿ. ಸುಲಭವಾದದ್ದನ್ನೇ ಆರಿಸಿಕೊಂಡು ಬಂದವರಿಗೆ ಕೊನೆಯ ವರ್ಷದಲ್ಲಿ ಇದು ಹೊಳೆದರೆ, ಅಷ್ಟರಲ್ಲಿ ಟೈಮ್‌ಟೇಬಲ್‌ನಲ್ಲಿ ಜಾಗ ಇರುವುದಿಲ್ಲ.